ಬಿಪಿ ಮಾತ್ರೆಗೂ ಒಣ ಕೆಮ್ಮಿಗೂ ಏನು ನಂಟು?

ಅರವತ್ತು ದಾಟಿದ ಒಬ್ಬರು ಅಮ್ಮ ಕ್ಲಿನಿಕ್‌ಗೆ ಬಂದರು. ಕೈಚೀಲದಲ್ಲಿ ಕೆಮ್ಮಿನ ಸಿರಪ್ಪಿನ ಮೂರು ಖಾಲಿ ಬಾಟಲಿ. "ಡಾಕ್ಟ್ರೇ, ಗಂಟಲು ಕೆರೆದಂಗಾಗುತ್ತೆ. ಕಫ ಇಲ್ಲ, ಜ್ವರ ಇಲ್ಲ. ರಾತ್ರಿ ಮಲಗೋಕೇ ಬಿಡಲ್ಲ." ಶುಂಠಿ ಕಷಾಯ, ಜೇನು, ಕಾಳುಮೆಣಸು ಎಲ್ಲ ಆಗಿತ್ತು. ಎಕ್ಸ್‌ರೇಯಲ್ಲೂ ಏನೂ ಇರಲಿಲ್ಲ. ಬಿಪಿಗೆ ಏನು ತಗೋತೀರಿ ಎಂದೆ. ಚೀಲದ ತಳದಿಂದ ಎನಲಾಪ್ರಿಲ್ ಸ್ಟ್ರಿಪ್ ಹೊರಬಂತು.

ನಮ್ಮ ಲಿವರ್ ಒಂದು ದೊಡ್ಡ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕಿಡ್ನಿಯಿಂದ ಬರುವ ರೆನಿನ್ ಅದರ ತುದಿಯಲ್ಲಿ ಹತ್ತು ಅಮೈನೋ ಆಮ್ಲಗಳ ತುಂಡೊಂದನ್ನು ಕತ್ತರಿಸುತ್ತದೆ. ಈ ತುಂಡು ಹೆಚ್ಚುಕಡಿಮೆ ಸುಮ್ನೆ ಓಡಾಡಿಕೊಂಡಿರುತ್ತದೆ. ರಕ್ತನಾಳಗಳ ಒಳಗೋಡೆಯಲ್ಲಿ, ಅದರಲ್ಲೂ ಶ್ವಾಸಕೋಶದಲ್ಲಿ ಜಾಸ್ತಿ, ಎಸಿಇ ಎಂಬ ಕಿಣ್ವ ಕೂತಿರುತ್ತದೆ. ಅದು ಬಾಲದ ಎರಡನ್ನು ಕತ್ತರಿಸುತ್ತದೆ. ಉಳಿದ ಎಂಟರ ತುಂಡೇ ಆಂಜಿಯೋಟೆನ್ಸಿನ್ 2. ರಕ್ತನಾಳ ಬಿಗಿಯಾಗುತ್ತದೆ, ದೇಹ ಉಪ್ಪುನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಎರಡೇ ಎರಡು ಕೊಂಡಿ ಉದುರಿದ್ದಕ್ಕೆ ಇಷ್ಟೆಲ್ಲ!

ಎಸಿಇ ಎಂಬ ಈ ಕತ್ತರಿಯ ಬಾಯಲ್ಲಿ ಸತುವಿನ ಒಂದು ಕಣ ಇದೆ. ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳು ಅದನ್ನೇ ಹಿಡಿದು ಕೂರುತ್ತವೆ. ಆಮೇಲೆ ಕತ್ತರಿ ಆಡುವುದಿಲ್ಲ.

ಕತ್ತರಿಗೆ ಇನ್ನೊಂದು ಕೆಲಸವೂ ಇದೆ ಅಲ್ವಾ, ತೊಂದರೆ ಅಲ್ಲೇ. ಬ್ರಾಡಿಕೈನಿನ್ ಎಂಬ ಒಂಬತ್ತರ ತುಂಡನ್ನು ಕತ್ತರಿಸಿ ಕೆಡಿಸುವುದೂ ಇದೇ. ಕತ್ತರಿ ನಿಂತರೆ ಬ್ರಾಡಿಕೈನಿನ್ ಉಳಿದುಬಿಡುತ್ತದೆ. ಅದು ರಕ್ತನಾಳ ಸಡಿಲಿಸುತ್ತದೆ, ಬಿಪಿಗೆ ಒಳ್ಳೆಯದೇ. ಆದರೆ ಉಸಿರುದಾರಿಯ ನರಗಳನ್ನೂ ಕೆಣಕುತ್ತದೆ, ಒಣ ಕೆಮ್ಮು ಬರುವುದು ಅದಕ್ಕೇ. ಸಿರಪ್ ಕುಡಿದರೆ ಅದು ಕೇಳುತ್ತದೆಯೇ?

ಈ ಮಾತ್ರೆಗಳ ಸುಳಿವು ಸಿಕ್ಕಿದ್ದು ಹಾವಿನಿಂದ. ಬ್ರೆಜಿಲ್‌ನ ಜರರಾಕಾ ಹಾವು ಕಚ್ಚಿದರೆ ಬಿಪಿ ಕುಸಿಯುತ್ತದೆ. ಅದರ ವಿಷ ಬ್ರಾಡಿಕೈನಿನ್‌ಗೆ ಬಲ ಕೊಡುತ್ತದೆ ಎಂದು ವಿಜ್ಞಾನಿ ಸೆರ್ಜಿಯೋ ಫೆರೇರಾ 1965ರಲ್ಲಿ ತೋರಿಸಿದರು. ಆ ಜಾಡು ಹಿಡಿದೇ ಎನಲಾಪ್ರಿಲ್ ಥರದ್ದೇ ಮಾತ್ರೆಯಾದ ಕ್ಯಾಪ್ಟೋಪ್ರಿಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಹಾಗಂತ ಇದನ್ನು ಓದಿ ಮಾತ್ರೆ ಎಸೆಯಬೇಡಿ. ಹೃದಯಕ್ಕೆ, ಸಕ್ಕರೆ ಕಾಯಿಲೆಯವರ ಕಿಡ್ನಿಗೆ ಇದು ಬಹಳ ಒಳ್ಳೆಯ ಔಷಧಿ. ತುಂಬ ಜನಕ್ಕೆ ಕೆಮ್ಮೇ ಬರುವುದಿಲ್ಲ. ಆದರೆ ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಪರೂಪ, ಆದರೆ ಜೀವಕ್ಕೇ ಕುತ್ತು. ಬಸುರಿಯರಂತೂ ಇದನ್ನು ತಗೊಳ್ಳುವಂತೆಯೇ ಇಲ್ಲ.

ಆ ಅಮ್ಮನಿಗೆ ಎನಲಾಪ್ರಿಲ್ ಬದಲು ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಮಾತ್ರೆ ಬರೆದುಕೊಟ್ಟೆ. ಅದು ಕತ್ತರಿಯ ತಂಟೆಗೇ ಹೋಗುವುದಿಲ್ಲ, ಎಂಟರ ತುಂಡು ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ಕೆಮ್ಮು ಮಾರನೇ ದಿನವೇ ನಿಲ್ಲುವುದಿಲ್ಲ, ಕೆಲವು ವಾರ ಬೇಕು ಎಂದೂ ಹೇಳಿದೆ. ತಿಂಗಳು ಬಿಟ್ಟು ಬಂದರು, ಚೀಲದಲ್ಲಿ ಬಾಟಲಿ ಇರಲಿಲ್ಲ.