ಟೊಮೆಟೊ ಟೋಸ್ಟ್ ಮೆತ್ತಗಾಗುವುದು ಯಾಕೆ?

ಬ್ರುಸ್ಕೆಟ್ಟಾ ಎಂಬ ಇಟಲಿಯ ಟೋಸ್ಟನ್ನು ಮೊದಲ ಸಲ ಮಾಡಿದ ದಿನ ನಾನು ಎಲ್ಲವನ್ನೂ ಮುಂಚೆಯೇ ಜೋಡಿಸಿಟ್ಟಿದ್ದೆ. ಬ್ರೆಡ್ ಸುಟ್ಟು, ಅದರ ಮೇಲೆ ಹೆಚ್ಚಿದ ಟೊಮೆಟೊ ಹರಡಿ, ಚೀಸ್ ಇಟ್ಟು ನೆಂಟರಿಗಾಗಿ ಕಾದೆ. ಅವರು ಬಂದದ್ದು ಅರ್ಧ ಗಂಟೆಯ ನಂತರ. ತಟ್ಟೆಯಿಂದ ಎತ್ತಿದರೆ ಹೋಳು ನಡುವೆ ಬಾಗಿತು, ಟೊಮೆಟೊ ಜಾರಿ ಬಿತ್ತು. ರುಚಿ ಚೆನ್ನಾಗೇ ಇತ್ತು, ಆದರೆ ಕರುಂ ಎನ್ನಬೇಕಾದ ಬ್ರೆಡ್ ನೆನೆದು ಹೋಗಿತ್ತು. ಆಮೇಲೆ ಎಷ್ಟೋ ಸಲ ಮಾಡಿದ್ದೇನೆ. ಈ ತಿಂಡಿಯಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ನೀರಿನ ಲೆಕ್ಕ.

ಬ್ರುಸ್ಕೆಟ್ಟಾ ಮಧ್ಯ ಇಟಲಿಯದು. ರೋಮ್ ಸುತ್ತಮುತ್ತಲಿನ ಆಡುಮಾತಿನಲ್ಲಿ ‘ಬ್ರುಸ್ಕಾರೆ’ ಎಂದರೆ ಕೆಂಡದ ಮೇಲೆ ಸುಡುವುದು. ಹಾಗಾಗಿ ಅದು ‘ಬ್ರುಶೆಟ್ಟಾ’ ಅಲ್ಲ, ನಡುವೆ ‘ಕ’ ಇದೆ. ಮೂಲದಲ್ಲಿ ಅದರಲ್ಲಿ ಟೊಮೆಟೊನೂ ಇಲ್ಲ, ಚೀಸೂ ಇಲ್ಲ. ಸುಟ್ಟ ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು ಅಷ್ಟೇ. ಟಸ್ಕನಿಯಲ್ಲಿ ಇದನ್ನೇ ‘ಫೆಟ್ಟುಂಟಾ’ ಅಂತಾರೆ, ಎಣ್ಣೆ ಹಚ್ಚಿದ ಹೋಳು ಎಂದರ್ಥ. ಹೊಸದಾಗಿ ಗಾಣದಿಂದ ಇಳಿಸಿದ ಎಣ್ಣೆಯ ರುಚಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಟೊಮೆಟೊ ಅಮೆರಿಕ ಖಂಡದಿಂದ ಇಟಲಿಗೆ ಬಂದದ್ದೇ 16ನೇ ಶತಮಾನದಲ್ಲಿ.

ಮೊದಲು ಬ್ರೆಡ್. ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳು ಬೇಕು. ತೆಳುವಾದರೆ ಪೂರ್ತಿ ಒಣಗಿ ರಸ್ಕ್ ಆಗುತ್ತದೆ. ಹೋಳಿನಲ್ಲಿ ತೇವ ಇರುವವರೆಗೆ ಅದರ ಮೈ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬರುವ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಮೇಲ್ಮೈ ಒಣಗಿದ ಮೇಲೆ ಬಿಸಿ ಸರಸರನೆ ಏರುತ್ತದೆ. 140 ಡಿಗ್ರಿ ಹತ್ತಿರ ಬಂದಾಗ ಬ್ರೆಡ್ಡಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಚುರುಕಾಗಿ ಕೂಡಿಕೊಂಡು ಕಂದು ಬಣ್ಣ, ಸುಟ್ಟ ಘಮ ಎರಡನ್ನೂ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು, ಅದಕ್ಕೆ ಅವರದೇ ಹೆಸರು ಉಳಿದಿದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದರಿಂದಲೇ.

ಒಣಗಿದ ಪಿಷ್ಟ ಒಂಥರಾ ಗಾಜಿದ್ದ ಹಾಗೆ. ಗಟ್ಟಿ, ಆದರೆ ಕಚ್ಚಿದರೆ ಪಟ್ಟನೆ ಒಡೆಯುತ್ತದೆ. ಸ್ವಲ್ಪ ತೇವ ಹೀರಿದರೂ ಸಾಕು, ಅದು ಬಳುಕುವ ವಸ್ತುವಾಗಿಬಿಡುತ್ತದೆ. ಮಳೆಗಾಲದಲ್ಲಿ ಕರಿದ ಹಪ್ಪಳ ಹೊರಗಿಟ್ಟರೆ ಏನಾಗುತ್ತದೆ ಅಂತ ಗೊತ್ತಲ್ವಾ? ಬ್ರೆಡ್ಡಿನ ತುಂಬ ತೂತುಗಳಿರುವುದರಿಂದ ನೀರು ಇನ್ನೂ ಬೇಗ ಒಳಗಿಳಿಯುತ್ತದೆ.

ನಿನ್ನೆಯ ಬ್ರೆಡ್ ಆದರೂ ನಡೆಯುತ್ತದೆ, ನನಗಂತೂ ಅದೇ ಇಷ್ಟ. ಹಳೆಯ ಬ್ರೆಡ್ ಗಟ್ಟಿಯಾಗುವುದು ಬರೀ ಒಣಗಿದ್ದರಿಂದಲ್ಲ. ಅದರೊಳಗಿನ ಪಿಷ್ಟದ ಕಣಗಳು ಮತ್ತೆ ಒತ್ತೊತ್ತಾಗಿ ಹರಳುಗಟ್ಟುತ್ತವೆ. ಫ್ರಿಜ್ಜಿನ ಚಳಿಯಲ್ಲಿ ಇದು ಜಾಸ್ತಿ ಬೇಗ ಆಗುತ್ತದೆ. 60 ಡಿಗ್ರಿ ದಾಟಿಸಿದರೆ ಆ ಹರಳುಗಳು ಸಡಿಲವಾಗುತ್ತವೆ. ಹೊರಗೆ ಗರಿಗರಿ, ಒಳಗೆ ಮೃದು.

ಹೋಳು ಬಿಸಿಯಾಗಿರುವಾಗಲೇ ಹಸಿ ಬೆಳ್ಳುಳ್ಳಿಯ ಎಸಳನ್ನು ಕತ್ತರಿಸಿ ಅದರ ಮೇಲೆ ಉಜ್ಜಿ. ಒರಟು ಮೈ ತುರಿಮಣೆಯ ಕೆಲಸ ಮಾಡುತ್ತದೆ. ಬೆಳ್ಳುಳ್ಳಿಯ ಜೀವಕೋಶ ಒಡೆದಾಗ ಬೇರೆ ಬೇರೆ ಇದ್ದ ಎರಡು ಪದಾರ್ಥಗಳು ಸೇರಿ ಅಲಿಸಿನ್ ಹುಟ್ಟುತ್ತದೆ. ಆ ಖಾರದ ವಾಸನೆ ಅದರದು. ಎರಡು ಸಲ ಉಜ್ಜಿದರೆ ಸಾಕು.

ಈಗ ಟೊಮೆಟೊ. ಇದರ ತೂಕದಲ್ಲಿ ಶೇಕಡಾ 94ರಷ್ಟು ನೀರೇ. ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಜರಡಿಯಲ್ಲಿ ಹದಿನೈದು ನಿಮಿಷ ಇಡಿ, ಕೆಳಗೊಂದು ಬಟ್ಟಲಿರಲಿ. ಉಪ್ಪು ಕೋಶಗಳೊಳಗಿನ ನೀರನ್ನು ಹೊರಗೆಳೆಯುತ್ತದೆ. ಬ್ರೆಡ್ಡಿಗೆ ಹೋಗಬೇಕಿದ್ದ ರಸ ಬಟ್ಟಲಿಗೆ ಬರುತ್ತದೆ.

ಬೀಜವನ್ನು ದಯವಿಟ್ಟು ತೆಗೆದು ಬಿಸಾಡಬೇಡಿ. ತುಂಬ ಅಡುಗೆಯವರು ಹಾಗೆ ಹೇಳಿಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಬೀಜದ ಸುತ್ತ ಲೋಳೆಯಂತಿರುತ್ತದಲ್ಲ, ರುಚಿಯ ಗುಟ್ಟು ಅಲ್ಲಿದೆ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ್ಣಿನ ತಿರುಳಿಗಿಂತ ಆ ಲೋಳೆಯಲ್ಲೇ ಗ್ಲುಟಮೇಟ್ ಜಾಸ್ತಿ ಎಂದು ಕಂಡಿತು. ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ್ದು ಇದೇ ಗ್ಲುಟಮೇಟ್. ಅದು ಕೊಡುವ ಸಾರಿನಂಥ ತುಂಬು ರುಚಿಯನ್ನು ಅವರು ‘ಉಮಾಮಿ’ ಎಂದು ಕರೆದರು. ನಮ್ಮ ಹುಳಿ ನಾಟಿ ಟೊಮೆಟೊದಲ್ಲಿ ರಸ ಜಾಸ್ತಿ, ಸೋಸುವುದಕ್ಕೆ ಇನ್ನೂ ಐದು ನಿಮಿಷ ಕೊಟ್ಟರಾಯಿತು.

ಟೊಮೆಟೊವನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಮಾತ್ರ ಈ ತಿಂಡಿಗೆ ಬೇಡ. ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಇದರ ಕಾರಣ ತೋರಿಸಿತು. ಚಳಿಯಲ್ಲಿ ಘಮ ತಯಾರಿಸುವ ಜೀನ್‌ಗಳ ಕೆಲಸ ಕುಗ್ಗುತ್ತದೆ. ಏಳು ದಿನ ತಣ್ಣಗಿದ್ದ ಹಣ್ಣನ್ನು ಹೊರಗಿಟ್ಟರೂ ಹೋದ ಘಮ ಪೂರ್ತಿ ಮರಳುವುದಿಲ್ಲ.

ಚೀಸ್ ಎಂದರೆ ಇಲ್ಲಿ ಮೊಝರೆಲ್ಲಾ. ಇಟಲಿಯ ಕಂಪಾನಿಯಾ ಸೀಮೆಯಲ್ಲಿ ಎಮ್ಮೆ ಹಾಲಿನಿಂದ ಮಾಡುವುದು ಹೆಸರುವಾಸಿ. ಬೆಂಗಳೂರಿನಲ್ಲೂ ವಲ್ಲೊಂಬ್ರೋಸ ಎಂಬ ಕ್ರೈಸ್ತ ಮಠದ ಸನ್ಯಾಸಿಗಳು ಇಟಲಿಯ ಕ್ರಮದಲ್ಲೇ ಮಾಡುತ್ತಾರೆ. ಅವರ ಪಂಥ ಹುಟ್ಟಿದ್ದು ಟಸ್ಕನಿಯಲ್ಲಿ. ಚೀಸ್ ಬದಲು ಪನೀರ್ ಹಾಕಬಹುದಾ ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಅದು ಕರಗುವುದಿಲ್ಲ. ಮೊಝರೆಲ್ಲಾದಲ್ಲಿ ಹಾಲಿನ ಕೇಸಿನ್ ಎಂಬ ಪ್ರೋಟೀನನ್ನು ಕ್ಯಾಲ್ಸಿಯಂ ಹದವಾಗಿ ಹಿಡಿದಿರುತ್ತದೆ. ಬಿಸಿ ತಾಗಿದಾಗ ಆ ಹಿಡಿತ ಸಡಿಲವಾಗಿ ಎಳೆಎಳೆಯಾಗಿ ಹರಿಯುತ್ತದೆ. ಪನೀರಿಗೆ ಕುದಿಯುವ ಹಾಲಿಗೇ ಹುಳಿ ಹಿಂಡುತ್ತೇವೆ. ಹುಳಿ ಕ್ಯಾಲ್ಸಿಯಂ ಅನ್ನು ನೀರಿಗೆ ಬಿಡಿಸುತ್ತದೆ, ಪ್ರೋಟೀನುಗಳು ಒಂದಕ್ಕೊಂದು ನೇರವಾಗಿ ಅಂಟಿಕೊಳ್ಳುತ್ತವೆ. ಬಿಸಿ ಮಾಡಿದಷ್ಟೂ ಇನ್ನಷ್ಟು ಬಿಗಿ. ಪಾಲಕ್ ಪನೀರಿನಲ್ಲಿ ತುಂಡುಗಳು ತುಂಡಾಗೇ ಉಳಿಯುವುದು ಅದಕ್ಕೇ.

ತಾಜಾ ಮೊಝರೆಲ್ಲಾದಲ್ಲೂ ಅರ್ಧಕ್ಕಿಂತ ಜಾಸ್ತಿ ನೀರಿದೆ. ತೆಳ್ಳಗೆ ಕತ್ತರಿಸಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಸುಟ್ಟ ಬ್ರೆಡ್ಡಿಗೆ ಆಲಿವ್ ಎಣ್ಣೆ ಸವರಿ, ಚೀಸ್ ಇಟ್ಟು, ಮುಚ್ಚದೆ ಓವನ್ನಿನಲ್ಲಿ ಎರಡು ಮೂರು ನಿಮಿಷ ಇಡಿ. ಅದು ಬಾಗಿ ಹರಡಿದರೆ ಸಾಕು. ಮುಚ್ಚಿದರೆ ಆವಿ ಒಳಗೇ ಉಳಿದು ಬ್ರೆಡ್ ಮೆತ್ತಗಾಗುತ್ತದೆ. ಹಸಿ ಟೊಮೆಟೊ ಬರುವುದು ಅದರ ಮೇಲೆ, ತಿನ್ನುವ ಹೊತ್ತಿಗೆ. ನನ್ನ ಮೊದಲ ಸಲದ ಕ್ರಮ ತಿರುಗುಮುರುಗಾಗಿತ್ತು. ಎಣ್ಣೆ ಮತ್ತು ಕೊಬ್ಬು ತುಂಬಿದ ಚೀಸ್ ನಡುವೆ ಇದ್ದರೆ ರಸ ಬ್ರೆಡ್ಡಿಗೆ ತಲುಪುವುದು ತಡವಾಗುತ್ತದೆ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಕರಗುವುದು ಎಣ್ಣೆಯಲ್ಲಿ. ಹಾಗಾಗಿ ಎಣ್ಣೆಯ ಜತೆ ತಿಂದಾಗ ನಮ್ಮ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಕೊನೆಗೆ ಬೆಸಿಲ್ ಎಲೆ. ನಮ್ಮ ಕಾಮಕಸ್ತೂರಿ ಅದೇ ಜಾತಿಯ ಗಿಡ, ಹಿತ್ತಲಲ್ಲಿದ್ದರೆ ಅದನ್ನೇ ಹಾಕಿ. ತುಳಸಿ ಬೇಡ, ಅದರ ಲವಂಗದಂಥ ವಾಸನೆ ಟೊಮೆಟೊವನ್ನು ಮುಚ್ಚಿಬಿಡುತ್ತದೆ. ಎಲೆ ಜಜ್ಜಿದರೆ ಕಪ್ಪಾಗುತ್ತದೆ, ಹಾಗಾಗಿ ಬಡಿಸುವಾಗ ಕೈಯಲ್ಲಿ ಹರಿದು ಉದುರಿಸಿ.

ಬಟ್ಟಲಿನಲ್ಲಿ ಉಳಿದ ಕೆಂಪು ರಸಕ್ಕೆ ಒಂದು ಚಮಚ ಎಣ್ಣೆ ಹಾಕಿ ಪಕ್ಕದಲ್ಲಿಡಿ. ತಟ್ಟೆಯ ತಳದ ಸಾಸನ್ನು ಬ್ರೆಡ್ ತುಂಡಿನಿಂದ ಒರೆಸಿ ತಿನ್ನುವುದಕ್ಕೆ ಇಟಲಿಯವರು ‘ಸ್ಕಾರ್ಪೆಟ್ಟಾ’ ಅಂತಾರೆ, ಪುಟ್ಟ ಚಪ್ಪಲಿ ಎಂದರ್ಥ. ನಮ್ಮ ಮನೆಯಲ್ಲಿ ಈಗ ಆ ಬಟ್ಟಲೇ ಮೊದಲು ಖಾಲಿಯಾಗುತ್ತದೆ.