ಬಿ.ಕಾಂ ಮುಗಿಸಿ ಅನಲಿಸ್ಟ್ ಆದರೆ ಪಗಾರ ಎಷ್ಟು?

ಪ್ರಶ್ನೆ: ಜಮಖಂಡಿಯಲ್ಲಿ ಬಿ.ಕಾಂ ಕೊನೇ ವರ್ಷ ಓದ್ತಿದ್ದೀನ್ರಿ. ಫೈನಾನ್ಸ್ ಅನಲಿಸ್ಟ್ ಆದ್ರ ಪಗಾರ ಎಷ್ಟು ಸಿಗ್ತದ? ಸಿಎಫ್‌ಎ ಮಾಡಲೇಬೇಕೇನ್ರಿ?

ಪಗಾರದಿಂದಲೇ ಶುರು ಮಾಡೋಣ, ಮನೆಯಲ್ಲೂ ಮೊದಲು ಅದನ್ನೇ ಕೇಳುತ್ತಾರಲ್ವಾ. ಬೆಂಗಳೂರಿನಲ್ಲಿ ಹೊಸಬರಿಗೆ ಬಂದ ಆಫರ್‌ಗಳು ನಾನು ಕಂಡ ಮಟ್ಟಿಗೆ ಹೆಚ್ಚಾಗಿ ವರ್ಷಕ್ಕೆ 4ರಿಂದ 6 ಲಕ್ಷ. ಸಿಎ ಆದವರ, ದೊಡ್ಡ ಎಂಬಿಎ ಕಾಲೇಜಿನವರ ಲೆಕ್ಕ ಬೇರೆ. 6 ಲಕ್ಷ ಅಂದ ಕೂಡಲೇ ತಿಂಗಳಿಗೆ 50 ಸಾವಿರ ಅಂತ ಊರಿಗೆಲ್ಲ ಹೇಳಿಬಿಡಬೇಡಿ. ಅದರಲ್ಲಿ 60 ಸಾವಿರ ವೇರಿಯಬಲ್ ಅಂತಿದ್ದರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಂಪನಿಯ ಪಾಲಿನ ಪಿಎಫ್ಫೂ ನಿಮ್ಮ ಲೆಕ್ಕಕ್ಕೇ ಬಂದಿರುತ್ತದೆ, ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಸಿಗುವ ಹಣ) ಸೇರಿರುತ್ತದೆ, ಮೇಲೆ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಎಲ್ಲ ಕಳೆದು ಕೈಗೆ ಬರುವುದು 40 ಸಾವಿರದ ಆಸುಪಾಸು.

ಬೆಳಗಾವಿ, ವಿಜಯಪುರದಲ್ಲೂ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಕೆಲಸ ಇದೆ. ಪಗಾರ ಕಡಿಮೆ, ಆದರೆ ಮನೆ ಊಟ. ಒಂದು ಎಚ್ಚರ: ಆಫರ್ ಲೆಟರಿನಲ್ಲಿ ತಿಂಗಳಿಗೆ ಇಷ್ಟು ಡಿಮ್ಯಾಟ್ ಖಾತೆ (ಷೇರು ಇಡುವ ಖಾತೆ) ತೆರೆಸುವ ಟಾರ್ಗೆಟ್ ಅಂತಿದ್ದರೆ, ಹೆಸರು ಏನೇ ಇರಲಿ, ಅದು ಸೇಲ್ಸ್ ಕೆಲಸ.

ಸಿಎಫ್‌ಎ, ಅಂದರೆ ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್ ಅನ್ನುವ ಅಂತರರಾಷ್ಟ್ರೀಯ ಕೋರ್ಸು, ಮಾಡಲೇಬೇಕು ಅಂತೇನಿಲ್ಲ. ಮೂರು ಲೆವೆಲ್, ಫೀ ಡಾಲರ್‌ನಲ್ಲಿ, ಪಾಸಾದ ಮೇಲೂ ಚಾರ್ಟರ್ (ಕೊನೆಯ ಅರ್ಹತಾಪತ್ರ) ಸಿಗಲು 4,000 ಗಂಟೆ ಕೆಲಸದ ಅನುಭವ ಬೇಕು. ಮೊದಲು ಷೇರುಪೇಟೆ ಪರೀಕ್ಷೆಗಳನ್ನು ನಡೆಸುವ ಎನ್‌ಐಎಸ್‌ಎಂ ಸಂಸ್ಥೆಯ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಬರೆದು ನೋಡಿ. 100ಕ್ಕೆ 60 ಬಂದರೆ ಪಾಸ್, ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ.

ಇನ್ನು ಕೆಲಸ ಅಂದರೆ ಏನು? ಯಾವ ಷೇರು ಏರುತ್ತೆ ಅಂತ ಭವಿಷ್ಯ ಹೇಳುವುದಲ್ಲ. ನಿಮ್ಮ ಸುತ್ತಲಿನ ಕಬ್ಬನ್ನೇ ತೆಗೆದುಕೊಳ್ಳಿ. ಕ್ವಿಂಟಲ್ ಕಬ್ಬಿಗೆ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ) 2024-25ರಲ್ಲಿ 340 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು, ಸಕ್ಕರೆ ಇಳುವರಿ ಶೇ 10.25 ಅಂತ ಹಿಡಿದು. ಅಂದರೆ ಒಂದು ಕ್ವಿಂಟಲ್ ಕಬ್ಬಿಗೆ 10.25 ಕೆಜಿ ಸಕ್ಕರೆ. ಜಾಸ್ತಿಯಾದ 15 ರೂಪಾಯಿಯನ್ನು ಅದಕ್ಕೆ ಹಂಚಿದರೆ ಕೆಜಿ ಸಕ್ಕರೆಗೆ ಹೆಚ್ಚುಕಡಿಮೆ ಒಂದೂವರೆ ರೂಪಾಯಿ ಖರ್ಚು ಏರಿತು. ರೈತನ ಕಣ್ಣಿಗೆ ಆ 15 ರೂಪಾಯಿ ಏನೂ ಅಲ್ಲ, ನಿಜ, ಆದರೆ ಮಾರುವ ಬೆಲೆ ಅಷ್ಟು ಏರದಿದ್ದರೆ ಕಾರ್ಖಾನೆಯ ಲಾಭ ಎಷ್ಟು ಇಳಿಯುತ್ತದೆ, ಎಥೆನಾಲ್ ಅದರಲ್ಲಿ ಎಷ್ಟು ತುಂಬಿಕೊಡುತ್ತದೆ, ಬ್ಯಾಂಕಿನ ಬಡ್ಡಿ ಕಟ್ಟಲು ಏನು ಉಳಿಯುತ್ತದೆ? ಇದನ್ನು ಎಕ್ಸೆಲ್‌ನಲ್ಲಿ ಕೂತು ಬಿಡಿಸುವವನೇ ಅನಲಿಸ್ಟ್.

ಮುಂದೆ ಹೇಗೆ ಅಂದರೆ, ವಾರ್ಷಿಕ ವರದಿಯಿಂದ ಅಂಕಿ ತೆಗೆದು ಸುಮ್ನೆ ಶೀಟಿಗೆ ತುಂಬುವ ಕೆಲಸವನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ. ಅದಷ್ಟನ್ನೇ ಕಲಿತು ಹೋದರೆ ಕಷ್ಟ. ಇಳುವರಿ ಯಾಕೆ ಬಿತ್ತು, ಮಳೆಯೋ ತಳಿಯೋ ಅಂತ ಗದ್ದೆಗೆ ಹೋಗಿ ಕೇಳಿ ಬರುವವರು ಕಡಿಮೆ, ನಿಮಗೆ ಗದ್ದೆ ಸೈಕಲ್ ದೂರದಲ್ಲಿದೆ. ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್ ಷೇರುಪೇಟೆಯಲ್ಲಿರುವ ಕಂಪನಿ, ಅದರ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಮೂರು ವರ್ಷದ್ದು ಇಳಿಸಿಕೊಂಡು ಎರಡು ಪುಟದ ಟಿಪ್ಪಣಿ ಬರೆದು ಬಯೋಡಾಟಾಗೆ ಲಗತ್ತಿಸಿ. ಇಂಟರ್‌ವ್ಯೂನಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ, ನೀವೂ ಅದನ್ನೇ ಹೇಳಬಹುದು.