ಎಲ್ಲ ಗಂಡಸರೂ ಪುರೋಹಿತರೇ. ‘ಎಲ್ಲ’ ಅಂದರೆ ಯಾರು?

ಭಾನುವಾರ ಬೆಳಿಗ್ಗೆ ಮಾರ್ಮನ್ನರ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಚರ್ಚಿನೊಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವವರು ಹುಡುಗರು. ಬಿಳಿ ಶರ್ಟು, ಟೈ. 16-17 ವರ್ಷದ ಇಬ್ಬರು ಮುಂದಿನ ಮೇಜಿನ ಬಳಿ ನಿಂತು, ಯೇಸುವಿನ ಕೊನೆಯ ಊಟದ ನೆನಪಿಗೆ, ಬ್ರೆಡ್ ಮುರಿಯುತ್ತಾರೆ. ಒಬ್ಬ ಮಂಡಿಯೂರಿ ಪ್ರಾರ್ಥನೆ ಓದುತ್ತಾನೆ. ಪದ ತಪ್ಪಿದರೆ ಮತ್ತೆ ಓದಬೇಕು. ಆಮೇಲೆ 12ರ ಆಸುಪಾಸಿನ ಹುಡುಗರು ಟ್ರೇ ಹಿಡಿದು ಸಾಲುಸಾಲಿಗೂ ಹಂಚುತ್ತಾರೆ. ದ್ರಾಕ್ಷಾರಸ ಇಲ್ಲ, ಪುಟ್ಟ ಲೋಟಗಳಲ್ಲಿ ನೀರು.

ಈ ಹುಡುಗರು ಸುಮ್ನೆ ಕೈಜೋಡಿಸಲು ಬಂದವರಲ್ಲ. ಆ ಚರ್ಚಿನ ಲೆಕ್ಕದಲ್ಲಿ ಇವರಿಗೆ ಆಗಲೇ ಪೌರೋಹಿತ್ಯ ಸಿಕ್ಕಿದೆ.

ನಮಗೆ ಪುರೋಹಿತರು ಅಂದರೆ ಮದುವೆಗೋ ಗೃಹಪ್ರವೇಶಕ್ಕೋ ಕರೆಸುವವರು. ಮಾರ್ಮನ್ನರಲ್ಲಿ ಅದು ಕಸುಬಲ್ಲ. ನಡತೆ ಸರಿಯಿರುವ ಪ್ರತಿ ಹುಡುಗನಿಗೂ ಸಿಗುವಂಥದ್ದು. ಊರಿನ ಬಿಷಪ್ ವಾರವೆಲ್ಲ ಎಲ್ಲೋ ಕೆಲಸ ಮಾಡುವ ಸಂಸಾರಸ್ಥ, ಬಿಷಪ್‌ಗಿರಿಗೆ ಸಂಬಳವಿಲ್ಲ. ದೊಡ್ಡವರಲ್ಲಿ ಎಷ್ಟೋ ಜನ ಕೀಚೈನಿಗೆ ಪುಟ್ಟ ಎಣ್ಣೆ ಡಬ್ಬಿ ಸಿಕ್ಕಿಸಿಕೊಂಡಿರುತ್ತಾರೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಆಲಿವ್ ಎಣ್ಣೆಯ ಒಂದು ಹನಿ ನೆತ್ತಿಗೆ ಹಚ್ಚಿ, ಕೈಯಿಟ್ಟು ಪ್ರಾರ್ಥಿಸುವುದಕ್ಕೆ.

ಇದರ ಮೂಲ 1829ರಲ್ಲಿದೆ. ಆ ವರ್ಷ ಮೇ 15ರಂದು, ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ನದಿಯ ಹತ್ತಿರ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನೇ ಸ್ವರ್ಗದಿಂದ ಇಳಿದುಬಂದು ತಮ್ಮ ತಲೆ ಮೇಲೆ ಕೈಯಿಟ್ಟ ಎಂದರು ಈ ಚರ್ಚಿನ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅವರ ಜೊತೆಗಾರ ಆಲಿವರ್ ಕೌಡರಿ. ಹಾಗೆ ಬಂದದ್ದು ಬೈಬಲಿನ ಪುರೋಹಿತ ಆರೋನನ ಹೆಸರಿನ ಕಿರಿಯ ಪೌರೋಹಿತ್ಯ. ಆಮೇಲೆ ಯೇಸುವಿನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರು ಬಂದು, ಬೈಬಲಿನ ಇನ್ನೊಬ್ಬ ಪುರೋಹಿತ ಮೆಲ್ಕಿಜೆದೇಕನ ಹೆಸರಿನ ಹಿರಿಯದನ್ನು ಕೊಟ್ಟರು ಎಂಬುದು ನಂಬಿಕೆ. 1830ರಲ್ಲಿ ಚರ್ಚ್ ಶುರುವಾಯಿತು. ಇವತ್ತಿಗೂ ಒಬ್ಬೊಬ್ಬ ಮಾರ್ಮನ್ ಗಂಡಸೂ ತನಗೆ ಯಾರು ಕೈಯಿಟ್ಟರು, ಅವರಿಗೆ ಯಾರು, ಹೀಗೆ ಸ್ಮಿತ್‌ವರೆಗೂ ಪಟ್ಟಿ ಹಿಡಿಯಬಹುದು. ನಮ್ಮ ಮಠಗಳ ಗುರುಪರಂಪರೆ ನೆನಪಾಗುತ್ತೆ ಅಲ್ವಾ?

ಎಲ್ಲರಿಗೂ ಸಿಗುವುದು ಒಬ್ಬನಿಗೆ ಮಾತ್ರ ಸಿಗದಿದ್ದರೆ ಅವನಿಗೆ ತಪ್ಪಿದ್ದು ಒಂದು ಹುದ್ದೆಯಲ್ಲ, ಗಂಡಸರ ಸಾಲಿನಲ್ಲಿ ನಿಲ್ಲುವ ಜಾಗ. ಕಪ್ಪು ಜನರಿಗೆ ಆದದ್ದು ಇದೇ.

ಮೊದಲು ಹಾಗಿರಲಿಲ್ಲ. ಎಲೈಜಾ ಏಬಲ್ ಎಂಬ ಕಪ್ಪು ಬಡಗಿಗೆ 1836ರಲ್ಲೇ ಹಿರಿಯ ಪೌರೋಹಿತ್ಯ ಸಿಕ್ಕಿತ್ತು. ಸ್ಮಿತ್ ಸತ್ತ ಮೇಲೆ ಚರ್ಚನ್ನು ಯೂಟಾಗೆ ಕರೆತಂದ ಬ್ರಿಗಮ್ ಯಂಗ್ 1852ರಲ್ಲಿ ಅಲ್ಲಿನ ಶಾಸನಸಭೆಯೆದುರು, ಆಫ್ರಿಕಾ ಮೂಲದವರಿಗೆ ಇದು ಸಲ್ಲದು ಎಂದುಬಿಟ್ಟರು. ಹೊಡೆತ ಕಪ್ಪು ಹೆಂಗಸರಿಗೂ ಬಿತ್ತು. ಮಾರ್ಮನ್ನರಿಗೆ ಭಾನುವಾರದ ಚರ್ಚ್ ಬೇರೆ, ದೇಗುಲ ಬೇರೆ. ಗಂಡಹೆಂಡತಿಯನ್ನು ಸಾವಿನಾಚೆಗೂ ಬೆಸೆಯುವ ವಿಧಿ ನಡೆಯುವುದು ದೇಗುಲದಲ್ಲೇ. (2018ರಲ್ಲಿ ಬೆಂಗಳೂರಿಗೂ ಘೋಷಿಸಿದ್ದು ಅಂಥದ್ದೇ ಒಂದನ್ನು.) ಆ ಬಾಗಿಲು ಮುಚ್ಚಿತು.

ಜೇನ್ ಮ್ಯಾನಿಂಗ್ ಜೇಮ್ಸ್ ಎಂಬಾಕೆ ಸ್ಮಿತ್ ಬದುಕಿದ್ದಾಗ ಅವರ ಮನೆಯಲ್ಲೇ ಇದ್ದು ಕೆಲಸ ಮಾಡಿದವರು. ಅಲ್ಲಿಗೆ ಸೇರಲು ನೂರಾರು ಮೈಲಿ ನಡೆದಿದ್ದರು. ದೇಗುಲದ ವಿಧಿ ತನಗೂ ಮಾಡಿ ಎಂದು ವರ್ಷಗಟ್ಟಲೆ ಕೇಳಿಕೊಂಡರು. ಕೊನೆಗೆ 1894ರಲ್ಲಿ ಒಂದು ವಿಧಿ ಮಾಡಿದರು: ಪರಲೋಕದಲ್ಲೂ ಆಕೆ ಸ್ಮಿತ್ ಮನೆಯ ಸೇವಕಿ ಎಂದು. ಅದಕ್ಕೂ ಒಳಗೆ ಬಿಡಲಿಲ್ಲ, ಆಕೆಯ ಬದಲು ಬೇರೊಬ್ಬರು ನಿಂತರು. ಈ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಕಹಿಯಾದದ್ದು ಸಿಕ್ಕಿಲ್ಲ.

ನಿಷೇಧ 126 ವರ್ಷ ನಡೆಯಿತು. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಬಿಸಿ ತಟ್ಟಿತು ನಿಜ. 1969ರಲ್ಲಿ ಚರ್ಚಿನ ವಿಶ್ವವಿದ್ಯಾಲಯದ ತಂಡದ ವಿರುದ್ಧ ಪ್ರತಿಭಟಿಸಲು ಹೊರಟ ವಯೋಮಿಂಗ್‌ನ 14 ಕಪ್ಪು ಫುಟ್‌ಬಾಲ್ ಆಟಗಾರರನ್ನು ಅವರ ಕೋಚ್ ತಂಡದಿಂದಲೇ ಕಿತ್ತುಹಾಕಿದರು. ಆದರೆ ನನ್ನ ಲೆಕ್ಕದಲ್ಲಿ ಜಾಸ್ತಿ ಬಿಗಿದ ಗಂಟು ಬ್ರೆಜಿಲ್‌ನದು. ತಲೆಮಾರುಗಳಿಂದ ರಕ್ತ ಬೆರೆತ ದೇಶ ಅದು. ಯಾರ ಮುತ್ತಜ್ಜಿ ಎಲ್ಲಿಯವಳು ಎಂದು ಹೇಗೆ ಹೇಳುವುದು? ಮಿಷನರಿಗಳು ವಂಶ ಕೆದಕಿ ಕೇಳುತ್ತಿದ್ದರು. 1975ರಲ್ಲಿ ಸಾವೊ ಪೌಲೊಗೆ ದೇಗುಲ ಘೋಷಣೆಯಾಯಿತು. ಅದಕ್ಕಾಗಿ ದುಡಿದವರಲ್ಲಿ ಹೆಲ್ವೇಸಿಯೊ ಮಾರ್ಟಿನ್ಸ್ ಎಂಬ ಕಪ್ಪು ಸದಸ್ಯರೂ ಇದ್ದರು. ಕಟ್ಟಡ ಎದ್ದ ಮೇಲೆ ತಾನು ಒಳಗೆ ಹೋಗುವಂತಿಲ್ಲ ಎಂದು ಗೊತ್ತಿದ್ದೇ ದುಡಿದರು.

ಚರ್ಚಿನ ಆಗಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಯೂಟಾದ ಸಾಲ್ಟ್ ಲೇಕ್ ದೇಗುಲಕ್ಕೆ ಒಬ್ಬರೇ ಹೋಗಿ ಪ್ರಾರ್ಥಿಸುತ್ತಿದ್ದರಂತೆ. 1978ರ ಜೂನ್ 1ರಂದು ಹಿರಿಯ ನಾಯಕರು ಉಪವಾಸವಿದ್ದು ಪ್ರಾರ್ಥಿಸಿದಾಗ ದೇವರ ಉತ್ತರ ಸಿಕ್ಕಿತು ಎಂದರು. ಒಂದು ವಾರದಲ್ಲಿ ಸುದ್ದಿ ಹೊರಬಿತ್ತು, ನಿಷೇಧ ಹೋಯಿತು. ಮಾರ್ಟಿನ್ಸ್ 1990ರಲ್ಲಿ ಚರ್ಚಿನ ಉನ್ನತ ನಾಯಕರಲ್ಲಿ ಒಬ್ಬರಾದರು. ನಿಷೇಧಕ್ಕೆ ಕೊಡುತ್ತಿದ್ದ ಹಳೆಯ ಕಾರಣಗಳನ್ನು, ಕಪ್ಪು ಚರ್ಮ ಶಾಪದ ಗುರುತು ಎಂಬ ಮಾತನ್ನೂ ಸೇರಿಸಿ, ಚರ್ಚ್ 2013ರಲ್ಲಿ ಬರಹದಲ್ಲೇ ತಳ್ಳಿಹಾಕಿತು.

ಅದೇ 2013ರ ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ ಗಂಡಸರ ಪೌರೋಹಿತ್ಯ ಸಭೆಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಂತರು. ನಮಗೂ ಕೊಡಿ ಎಂದರು. ಒಳಗೆ ಬಿಡಲಿಲ್ಲ. ಮುಂದಾಳು ಕೇಟ್ ಕೆಲಿಯನ್ನು 2014ರಲ್ಲಿ ಚರ್ಚಿನಿಂದಲೇ ಹೊರಹಾಕಿದರು. ಅದೇ ವರ್ಷ ಹಿರಿಯ ನಾಯಕ ಡಾಲಿನ್ ಓಕ್ಸ್, ಚರ್ಚಿನ ಕೆಲಸಕ್ಕೆ ನೇಮಕವಾದ ಹೆಂಗಸರೂ ಪೌರೋಹಿತ್ಯದ ಅಧಿಕಾರದಿಂದಲೇ ಆ ಕೆಲಸ ಮಾಡುತ್ತಾರೆ, ಆದರೆ ದೀಕ್ಷೆ ಗಂಡಸರಿಗೇ ಎಂದರು. 2019ರಿಂದ ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿಯಾಗಿ ನಿಲ್ಲಬಹುದು.

ಭಾನುವಾರದ ಟ್ರೇ ಸಾಲಿನ ತುದಿಗೆ ಬಂದಾಗ ಅಲ್ಲಿ ಕೂತ 12ರ ಹುಡುಗಿ ಅದನ್ನು ತೆಗೆದುಕೊಂಡು ಪಕ್ಕದವರಿಗೆ ದಾಟಿಸುತ್ತಾಳೆ. ಅದಕ್ಕೆ ಯಾವ ದೀಕ್ಷೆಯೂ ಬೇಡ. ಅದೇ ಟ್ರೇ ಹಿಡಿದು ಎದ್ದು ಮುಂದಿನ ಸಾಲಿಗೆ ಹೋಗಬೇಕಾದರೆ ಬೇಕು. ಅದು ಅವಳ ಅಣ್ಣನ ಕೆಲಸ.